ವೋಲ್ಟೇಜ್ ನಿಧಾನಕ್ಕೆ ಇಳಿದು ಒಮ್ಮೆಗೇ ಬೀಳುವುದು ಯಾಕೆ?

ಪ್ರಶ್ನೆ: ನಮ್ಮದು ಹಿರಿಯೂರು ಕಡೆಯ ಹಳ್ಳಿ. ಬೇಸಿಗೆಯಲ್ಲಿ ತ್ರೀ ಫೇಸ್ ಬಂದ ಕೂಡಲೇ ಎಲ್ಲರ ಪಂಪ್‌ಸೆಟ್ ಒಟ್ಟಿಗೆ ಶುರುವಾಗುತ್ತವೆ. ವೋಲ್ಟೇಜ್ ಮೊದಲು ನಿಧಾನಕ್ಕೆ ಇಳಿಯುತ್ತದೆ, ಆಮೇಲೆ ಧಡಕ್ಕನೆ ಬಿದ್ದುಹೋಗುತ್ತದೆ. ಮನೆಗೆ ಸ್ಟೆಬಿಲೈಜರ್ ಹಾಕಿಸಿದೆ. ಅಕ್ಕಪಕ್ಕದವರೂ ಹಾಕಿಸಿದರು. ಈಗ ಲೈನಿನಲ್ಲಿ ಮೊದಲಿಗಿಂತ ಕಡಿಮೆ ವೋಲ್ಟೇಜ್ ಬರುತ್ತಿದೆ! 2025ರಲ್ಲಿ ಸ್ಪೇನ್ ದೇಶಕ್ಕೆ ದೇಶವೇ ಕತ್ತಲಾಗಿದ್ದು ಕೂಡ ವೋಲ್ಟೇಜ್‌ನಿಂದ ಅಂತ ಓದಿದೆ. ಕರೆಂಟ್ ಸಾಲದೇ ಕತ್ತಲಾಗುವುದು ಗೊತ್ತು, ವೋಲ್ಟೇಜ್‌ನಿಂದ ಹೇಗೆ? ಮತ್ತೆ, ನಾವು ಸ್ಟೆಬಿಲೈಜರ್ ಹಾಕಿದ್ದು ತಪ್ಪಾ?

ಉತ್ತರ:

ಸ್ಟೆಬಿಲೈಜರ್‌ನಿಂದಲೇ ಶುರು ಮಾಡೋಣ. ಉಳಿದ ಕಥೆಯೆಲ್ಲ ಅದರೊಳಗೇ ಇದೆ.

230 ವೋಲ್ಟ್‌ನಲ್ಲಿ 1,000 ವ್ಯಾಟ್ ಎಳೆಯುವ ಒಂದು ಹೀಟರ್ ಇದೆ ಅಂದುಕೊಳ್ಳಿ. ಸರಿಯಾದ ವೋಲ್ಟೇಜ್ ಇದ್ದಾಗ ಅದು ಸುಮಾರು 4.3 ಆಂಪಿಯರ್ ಎಳೆಯುತ್ತದೆ. ವೋಲ್ಟೇಜ್ 180ಕ್ಕೆ ಇಳಿದರೆ ಎಳೆಯುವುದು 3.4 ಆಂಪಿಯರ್ ಮಾತ್ರ. ಪವರ್ 612 ವ್ಯಾಟ್‌ಗೆ ಇಳಿಯುತ್ತದೆ. ನೀರು ಕಾಯುವುದು ತಡವಾಗುತ್ತದೆ, ಅಷ್ಟೇ. ಲೈನಿನ ಕಡೆಯಿಂದ ನೋಡಿದರೆ ಇದು ಒಳ್ಳೆಯದೇ. ಕಷ್ಟ ಬಂದಾಗ ಲೋಡ್ ತಾನಾಗಿ ಕಡಿಮೆಯಾಯಿತು.

ಈಗ ನಡುವೆ ಸ್ಟೆಬಿಲೈಜರ್ ಹಾಕಿ. ಒಳಗೆ 180 ಬಂದರೂ ಅದು ಹೊರಗೆ 230 ಕೊಡುತ್ತದೆ. ಹೀಟರ್‌ಗೆ ಪೂರ್ತಿ 1,000 ವ್ಯಾಟ್ ಸಿಗುತ್ತದೆ. ಆದರೆ ಆ 1,000 ವ್ಯಾಟ್ 180 ವೋಲ್ಟ್ ಲೈನಿನಿಂದಲೇ ಬರಬೇಕಲ್ವಾ? ಹಾಗಾಗಿ ಲೈನಿನಿಂದ 5.6 ಆಂಪಿಯರ್ ಹೋಗುತ್ತದೆ. ವೋಲ್ಟೇಜ್ ಇಳಿದಾಗ 3.4ಕ್ಕೆ ಇಳಿಯಬೇಕಿದ್ದ ಕರೆಂಟ್ 5.6ಕ್ಕೆ ಏರಿತು. ಕರೆಂಟ್ ಏರಿದರೆ ತಂತಿಯಲ್ಲಿ ಡ್ರಾಪ್ ಜಾಸ್ತಿ. ಡ್ರಾಪ್ ಜಾಸ್ತಿಯಾದರೆ 180 ಇದ್ದದ್ದು 172 ಆಗುತ್ತದೆ. ಆಗ ಸ್ಟೆಬಿಲೈಜರ್ ಇನ್ನೊಂದು ಮೆಟ್ಟಿಲು ಏರಿಸುತ್ತದೆ, ಇನ್ನಷ್ಟು ಕರೆಂಟ್ ಎಳೆಯುತ್ತದೆ. ಒಬ್ಬರ ಮನೆಯಲ್ಲಿ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಊರೆಲ್ಲ ಹಾಕಿದರೆ ನೀವು ಬರೆದದ್ದೇ ಆಗುತ್ತದೆ. ನಿಮ್ಮ ಕಣ್ಣು ಸರಿಯಾಗಿಯೇ ನೋಡಿದೆ.

ವೋಲ್ಟೇಜ್ ಇಳಿದರೂ ನನಗೆ ಅಷ್ಟೇ ಪವರ್ ಬೇಕು ಅಂತ ಹಟ ಹಿಡಿಯುವ ಇಂಥ ಲೋಡನ್ನು ನಾವು ಕಾನ್‌ಸ್ಟಂಟ್ ಪವರ್ ಲೋಡ್ ಅನ್ನುತ್ತೇವೆ. ದೊಡ್ಡ ಗ್ರಿಡ್‌ಗಳನ್ನು ಕೆಡವಿದ್ದು ಇದೇ ಹಟ.

ಈಗ ನಿಧಾನಕ್ಕೆ ಇಳಿಯುವುದು ಒಮ್ಮೆಗೇ ಬೀಳುವುದು ಯಾಕೆ ಅನ್ನುವ ಪ್ರಶ್ನೆ. ತೀರಾ ಸರಳವಾದ ಒಂದು ಜಾಲ ತಗೊಳ್ಳಿ. ಒಂದು ಕಡೆ ಗಟ್ಟಿ ಜನರೇಟರ್, ನಡುವೆ ಉದ್ದನೆಯ ಲೈನ್, ಇನ್ನೊಂದು ತುದಿಯಲ್ಲಿ ನಿಮ್ಮ ಊರು. ಲೈನಿನ ರೆಸಿಸ್ಟೆನ್ಸ್ ಮರೆತುಬಿಡೋಣ, ರಿಯಾಕ್ಟೆನ್ಸ್ (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟಿಗೆ ತಂತಿಯ ಸುತ್ತಲಿನ ಕಾಂತಕ್ಷೇತ್ರ ಒಡ್ಡುವ ತಡೆ) ಒಂದನ್ನೇ ಇಟ್ಟುಕೊಳ್ಳೋಣ. ಪವರ್ ಫ್ಯಾಕ್ಟರ್ 1 ಇರಲಿ, ಅಂದರೆ ಎಳೆದ ಕರೆಂಟೆಲ್ಲ ಕೆಲಸಕ್ಕೇ ಬರಲಿ. ಇಂಥ ಲೈನ್ ಎಷ್ಟು ಬೇಕಾದರೂ ಪವರ್ ಸಾಗಿಸುವುದಿಲ್ಲ, ಅದಕ್ಕೊಂದು ಮಿತಿ ಇದೆ. ತಂತಿ ಬಿಸಿಯಾಗಿ ಸುಟ್ಟುಹೋಗುವ ಮಿತಿ ಬೇರೆ, ಇದು ಬೇರೆ. ತಂತಿ ಎಷ್ಟೇ ದಪ್ಪ ಇದ್ದರೂ ಇದು ಇದ್ದೇ ಇರುತ್ತದೆ. ಆ ಮಿತಿಯನ್ನು 100 ಅಂತ ಇಟ್ಟುಕೊಳ್ಳಿ.

ಲೋಡ್ 60 ಇದ್ದಾಗ ನಿಮ್ಮೂರಿನ ವೋಲ್ಟೇಜ್ ಜನರೇಟರ್ ಕಡೆಯ ವೋಲ್ಟೇಜಿನ 94.9 ಶೇಕಡಾ. ಲೋಡ್ 80 ಆದಾಗ 89.4. ಇಲ್ಲಿವರೆಗೆ ಏನೂ ಗಾಬರಿ ಇಲ್ಲ. ಲೋಡ್ ಇಪ್ಪತ್ತು ಏರಿತು, ವೋಲ್ಟೇಜ್ ಐದೂವರೆ ಇಳಿಯಿತು. ಲೋಡ್ 96ಕ್ಕೆ ಹೋದಾಗ ವೋಲ್ಟೇಜ್ ಸರಿಯಾಗಿ 80. ಈಗ ಕೊನೆಯ ನಾಲ್ಕು ಹೆಜ್ಜೆ ನೋಡಿ. ಲೋಡ್ 96ರಿಂದ 100ಕ್ಕೆ ಹೋಗುವಷ್ಟರಲ್ಲಿ ವೋಲ್ಟೇಜ್ 80ರಿಂದ 70.7ಕ್ಕೆ ಬೀಳುತ್ತದೆ. ಲೋಡ್ ಏರಿದ್ದು ಬರೀ ನಾಲ್ಕು, ವೋಲ್ಟೇಜ್ ಬಿದ್ದದ್ದು ಒಂಬತ್ತಕ್ಕೂ ಜಾಸ್ತಿ. ಆಮೇಲೆ ಲೋಡ್ 101 ಆದರೆ? ಸಮೀಕರಣಕ್ಕೆ ಉತ್ತರವೇ ಇಲ್ಲ. ಕಡಿಮೆ ವೋಲ್ಟೇಜ್ ಅನ್ನುವ ಉತ್ತರ ಕೂಡ ಸಿಗುವುದಿಲ್ಲ.

ಇದರಲ್ಲಿ ಇನ್ನೊಂದು ಸ್ವಾರಸ್ಯ ಇದೆ. ವೋಲ್ಟೇಜ್ ಲೆಕ್ಕ ಮಾಡುವಾಗ ಬರುವುದು ವರ್ಗ ಸಮೀಕರಣ. ಅದಕ್ಕೆ ಎರಡು ಉತ್ತರ. ಲೋಡ್ 60 ಇದ್ದಾಗ 94.9 ಒಂದು, 31.6 ಇನ್ನೊಂದು. ಲೋಡ್ 80ಕ್ಕೆ 89.4 ಮತ್ತು 44.7. ಲೋಡ್ 96ಕ್ಕೆ 80 ಮತ್ತು 60. ಕೆಳಗಿನ ಉತ್ತರ ಅಂದರೆ ಅಷ್ಟೇ ಪವರನ್ನು ಕಡಿಮೆ ವೋಲ್ಟೇಜ್, ವಿಪರೀತ ಕರೆಂಟ್‌ನಲ್ಲಿ ಸಾಗಿಸುವ ಸ್ಥಿತಿ. ಅಲ್ಲಿ ಗ್ರಿಡ್ ಸ್ಥಿರವಾಗಿ ನಿಲ್ಲುವುದಿಲ್ಲ. ಲೋಡ್ ಏರಿದ ಹಾಗೆಲ್ಲ ಮೇಲಿನ ಉತ್ತರ ಇಳಿಯುತ್ತಾ, ಕೆಳಗಿನದು ಏರುತ್ತಾ ಬರುತ್ತವೆ. 100ರಲ್ಲಿ ಎರಡೂ 70.7ರಲ್ಲಿ ಕೂಡಿಕೊಳ್ಳುತ್ತವೆ. ಕೂಡಿದ ಮೇಲೆ ಎರಡೂ ಮಾಯ. ಗಣಿತದವರು ಇದನ್ನು ಸ್ಯಾಡಲ್-ನೋಡ್ ಬೈಫರ್ಕೇಶನ್ ಅನ್ನುತ್ತಾರೆ. ಈ ಎರಡೂ ಉತ್ತರಗಳನ್ನು ಗ್ರಾಫಿನಲ್ಲಿ ಹಾಕಿದರೆ ಮೂಗಿನ ಥರ ಒಂದು ಗೆರೆ ಬರುತ್ತದೆ. ಹಾಗಾಗಿ ಕಂಟ್ರೋಲ್ ರೂಮಿನಲ್ಲಿ ಅದು ನೋಸ್ ಕರ್ವ್. ನಾವಿನ್ನೂ ಮೂಗಿನ ತುದಿಯಿಂದ ಎಷ್ಟು ದೂರ ಇದ್ದೇವೆ ಅನ್ನುವುದೇ ಅಲ್ಲಿಯ ದಿನನಿತ್ಯದ ಪ್ರಶ್ನೆ.

ಬಟ್ಟಲಿನಲ್ಲಿ ಒಂದು ಗೋಲಿ ಇದೆ ಅಂದುಕೊಳ್ಳಿ. ತಳ ಅಂದರೆ ಮೇಲಿನ ಉತ್ತರ, ಅಂಚು ಅಂದರೆ ಕೆಳಗಿನದು. ಲೋಡ್ ಏರಿದ ಹಾಗೆ ಬಟ್ಟಲು ಚಪ್ಪಟೆಯಾಗುತ್ತಾ ಹೋಗುತ್ತದೆ. ಗೋಲಿಯನ್ನು ಸ್ವಲ್ಪ ತಳ್ಳಿದರೆ ವಾಪಸ್ ಬರುವುದು ತಡವಾಗುತ್ತದೆ. ತಟ್ಟೆಯಷ್ಟು ಚಪ್ಪಟೆಯಾದ ದಿನ ಗೋಲಿ ಮೊದಲು ಎಲ್ಲಿಗೂ ಓಡುವುದಿಲ್ಲ. ಮೆಲ್ಲಗೆ ಜಾರುತ್ತದೆ, ಇಳಿಜಾರು ಸಿಕ್ಕ ಮೇಲೆ ಓಡುತ್ತದೆ. ಇಯಾನ್ ಡಾಬ್ಸನ್ ಮತ್ತು ಸಿಯಾವ್-ಡಾಂಗ್ ಚಿಯಾಂಗ್ 1989ರಲ್ಲಿ ವೋಲ್ಟೇಜ್ ಕುಸಿತಕ್ಕೆ ಕೊಟ್ಟ ಗಣಿತದ ವಿವರಣೆಯ ತಿರುಳು ಇದೇ. ಸಮತೋಲನ ಮಾಯವಾದ ಮೇಲೆ ಮೊದಲು ನಿಧಾನ, ಆಮೇಲೆ ವೇಗ. ನಿಮ್ಮ ಪತ್ರದಲ್ಲಿ ಇರುವುದೂ ಅದೇ ಸಾಲು.

ಕಾಗದದ ಮೇಲೆ ಇದೆಲ್ಲ ಚೆಂದ. ನಿಜವಾಗಿ ಹೀಗೆ ಆಗಿದೆಯಾ? ಆಗಿದೆ. ನಾನು ಯಾವಾಗಲೂ ಹೇಳುವ ಉದಾಹರಣೆ ಟೋಕಿಯೋ, 1987ರ ಜುಲೈ 23. ಬೇರೆ ಬ್ಲ್ಯಾಕೌಟ್‌ಗಳಲ್ಲಿ ಮರ ತಾಗಿತು, ಸಿಡಿಲು ಬಡಿಯಿತು, ರಿಲೇ (ತೊಂದರೆ ಕಂಡರೆ ಲೈನ್ ಕತ್ತರಿಸುವ ಸಾಧನ) ತಪ್ಪಾಗಿ ಓಡಿತು ಅಂತ ಏನಾದರೂ ಇರುತ್ತದೆ. ಇಲ್ಲಿ ಏನೂ ಇಲ್ಲ. ಯಾವ ಲೈನೂ ಕೆಟ್ಟಿರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಜನ ಆಫೀಸಿಗೆ ವಾಪಸ್ ಬಂದರು. ಅಷ್ಟೇ.

ಅವತ್ತು ವಿಪರೀತ ಸೆಖೆ. ಊಟದ ಹೊತ್ತಿನಲ್ಲಿ ಸ್ವಲ್ಪ ಇಳಿದಿದ್ದ ಲೋಡ್ ಒಂದು ಗಂಟೆಗೆ ಏರತೊಡಗಿತು. ನಿಮಿಷಕ್ಕೆ ಸುಮಾರು 400 ಮೆಗಾವ್ಯಾಟ್ ವೇಗದಲ್ಲಿ ಏರಿತು, ಅಂದರೆ ಪ್ರತಿ ನಿಮಿಷ ಒಟ್ಟು ಲೋಡಿನ ಶೇಕಡಾ ಒಂದರಷ್ಟು. ವೋಲ್ಟೇಜ್ ಎತ್ತಿಹಿಡಿಯಲು ಕೆಪಾಸಿಟರ್ ಬ್ಯಾಂಕುಗಳನ್ನು ಒಂದೊಂದಾಗಿ ಹಾಕಿದರು. 1 ಗಂಟೆ 7 ನಿಮಿಷದ ಹೊತ್ತಿಗೆ ಇದ್ದಬದ್ದ ಕೆಪಾಸಿಟರ್ ಎಲ್ಲ ಒಳಗೆ ಬಂದಿದ್ದವು. ಲೋಡ್ ಮಾತ್ರ ಏರುತ್ತಲೇ ಇತ್ತು. 500 ಕಿಲೋವೋಲ್ಟ್ ಜಾಲದ ವೋಲ್ಟೇಜ್ 1:15ಕ್ಕೆ 460ರ ಹತ್ತಿರ ಬಂತು. ನಾಲ್ಕೇ ನಿಮಿಷದಲ್ಲಿ, 1:19ರ ಹೊತ್ತಿಗೆ, ಪಶ್ಚಿಮ ಭಾಗದಲ್ಲಿ 370ರ ಆಸುಪಾಸು. ರಿಲೇಗಳು ಇದನ್ನು ಶಾರ್ಟ್ ಸರ್ಕ್ಯೂಟ್ ಅಂತಲೇ ತಿಳಿದು ಸಬ್‌ಸ್ಟೇಷನ್‌ಗಳನ್ನು ಕತ್ತರಿಸಿದವು. 8,000 ಮೆಗಾವ್ಯಾಟ್‌ಗೂ ಜಾಸ್ತಿ ಲೋಡ್, ಸುಮಾರು 28 ಲಕ್ಷ ಗ್ರಾಹಕರು ಕತ್ತಲಲ್ಲಿ.

ತನಿಖೆಯಲ್ಲಿ ಮುಖ್ಯವಾಗಿ ಕಣ್ಣಿಗೆ ಬಿದ್ದದ್ದು ಹೊಸ ಥರದ ಏರ್ ಕಂಡೀಷನರುಗಳು (ಏಸಿ). ಎಲೆಕ್ಟ್ರಾನಿಕ್ ಕಂಟ್ರೋಲ್ ಇದ್ದ ಈ ಏಸಿಗಳು ವೋಲ್ಟೇಜ್ ಇಳಿದರೂ ಪವರ್ ಬಿಟ್ಟುಕೊಡುತ್ತಿರಲಿಲ್ಲ, ಕರೆಂಟ್ ಜಾಸ್ತಿ ಎಳೆಯುತ್ತಿದ್ದವು. ನಿಮ್ಮ ಊರಿನ ಸ್ಟೆಬಿಲೈಜರ್ ಕಥೆಯೇ, ಊರು ಮಾತ್ರ ದೊಡ್ಡದು.

ಆ ಕೆಪಾಸಿಟರ್‌ಗಳ ಬಗ್ಗೆ ಇನ್ನೊಂದಿಷ್ಟು ಹೇಳಬೇಕು. ಈ ವಿಷಯದಲ್ಲಿ ಇಂಜಿನಿಯರುಗಳೂ ಎಡವುತ್ತಾರೆ. ವೋಲ್ಟೇಜ್ ಬಿದ್ದಾಗ ಕೆಪಾಸಿಟರ್ ಹಾಕುವುದು ಸರಿಯಾದ ಕೆಲಸವೇ. ಲೈನ್ ಮತ್ತು ಮೋಟರ್‌ಗಳಿಗೆ ಬೇಕಾದ ರಿಯಾಕ್ಟಿವ್ ಪವರನ್ನು, ಅಂದರೆ ಕೆಲಸ ಮಾಡದೆ ಬರೀ ಕಾಂತಕ್ಷೇತ್ರ ಕಟ್ಟಲು ಹೋಗಿಬರುವ ಪವರನ್ನು, ಅದು ಅಲ್ಲೇ ಕೊಡುತ್ತದೆ. ರಿಯಾಕ್ಟಿವ್ ಪವರ್ ದೂರದಿಂದ ತರುವುದು ದಂಡ, ಅದನ್ನು ಸಾಗಿಸುವುದಕ್ಕೇ ವೋಲ್ಟೇಜ್ ಖರ್ಚಾಗಿಬಿಡುತ್ತದೆ. ಹಾಗಾಗಿ ನಮ್ಮ ಸರಳ ಜಾಲಕ್ಕೂ ಒಂದು ಕೆಪಾಸಿಟರ್ ಹಾಕೋಣ. ಅದರ ಅಳತೆ ಹೀಗಿರಲಿ: ಲೋಡ್ ಏನೂ ಇಲ್ಲದಿದ್ದಾಗ ವೋಲ್ಟೇಜ್ ಮೂರನೇ ಒಂದರಷ್ಟು ಮೇಲೇರಬೇಕು. ಆಗ ಗರಿಷ್ಠ ಪವರ್ 100ರಿಂದ 133ಕ್ಕೆ ಏರುತ್ತದೆ. ಭಾರೀ ಲಾಭ! ಆದರೆ ಮೂಗಿನ ತುದಿ ಯಾವ ವೋಲ್ಟೇಜ್‌ನಲ್ಲಿದೆ ನೋಡಿ. ಮೊದಲು 70.7 ಇತ್ತು. ಈಗ 94.3.

ಇದನ್ನು ನಿಧಾನವಾಗಿ ಓದಿ. ಮೀಟರಿನಲ್ಲಿ ವೋಲ್ಟೇಜ್ 94 ಶೇಕಡಾ ತೋರಿಸುತ್ತಿದೆ. ನಮ್ಮ ಗ್ರಿಡ್ ಕೋಡ್ ಪ್ರಕಾರ 400 ಕಿಲೋವೋಲ್ಟ್ ಲೈನಿನಲ್ಲಿ 380ರಿಂದ 420ರವರೆಗೆ ಇರಬಹುದು, ಅಂದರೆ ಕೆಳಗಿನ ಮಿತಿಯೇ 95 ಶೇಕಡಾ. ಆಪರೇಟರ್ ನೋಡುತ್ತಾನೆ, ಮಿತಿಗಿಂತ ಚೂರು ಕಡಿಮೆ, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಆ ಜಾಲ ಆಗಲೇ ಅಂಚಿನ ಮೇಲೆ ನಿಂತಿದೆ. ಕೆಪಾಸಿಟರ್ ಇಲ್ಲದ ಜಾಲ ಕುಸಿಯುವ ಮೊದಲು ದೀಪ ಮಂಕಾಗಿ ಎಚ್ಚರಿಸುತ್ತಿತ್ತು. ಕೆಪಾಸಿಟರ್ ಆ ಎಚ್ಚರಿಕೆಯನ್ನು ಮುಚ್ಚಿಬಿಟ್ಟಿತು. ಸಾಲದ್ದಕ್ಕೆ ಕೆಪಾಸಿಟರ್ ಕೊಡುವ ರಿಯಾಕ್ಟಿವ್ ಪವರ್ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಇರುತ್ತದೆ. ವೋಲ್ಟೇಜ್ 90 ಆದರೆ ಅದು ಕೊಡುವುದು 81, ವೋಲ್ಟೇಜ್ 80 ಆದರೆ 64. ಜಾಸ್ತಿ ಬೇಕಾದ ಹೊತ್ತಲ್ಲೇ ಕೈ ಕೊಡುತ್ತದೆ.

ಹಾಗಾಗಿ ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ನೆನಪಿಟ್ಟುಕೊಳ್ಳಬೇಕಾದ್ದು ಒಂದೇ: ವೋಲ್ಟೇಜ್ ಎಷ್ಟಿದೆ ಅನ್ನುವುದರಿಂದ ಗ್ರಿಡ್ ಗಟ್ಟಿಯಾಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಜನರೇಟರುಗಳ ಕೈಯಲ್ಲಿ ಇನ್ನೆಷ್ಟು ರಿಯಾಕ್ಟಿವ್ ಪವರ್ ಉಳಿದಿದೆ, ಲೋಡ್ ಸ್ವಲ್ಪ ಏರಿದರೆ ವೋಲ್ಟೇಜ್ ಎಷ್ಟು ಇಳಿಯುತ್ತದೆ, ಇವನ್ನು ನೋಡಬೇಕು.

ಜನರೇಟರ್ ವಿಷಯ ಬಂತು. ಜನರೇಟರಿನ ಒಳಗೆ ಫೀಲ್ಡ್ ವೈಂಡಿಂಗ್ ಇರುತ್ತದೆ. ಅದರಲ್ಲಿ ಕರೆಂಟ್ ಏರಿಸಿದರೆ ರಿಯಾಕ್ಟಿವ್ ಪವರ್ ಜಾಸ್ತಿ ಬರುತ್ತದೆ, ವೋಲ್ಟೇಜ್ ಇಳಿಯದೆ ನಿಲ್ಲುತ್ತದೆ. ಆದರೆ ಸ್ವಲ್ಪ ಹೊತ್ತಿನಲ್ಲಿ ವೈಂಡಿಂಗ್ ಬಿಸಿಯಾಗುತ್ತದೆ. ಆಗ ಲಿಮಿಟರ್ ಬಂದು ಇನ್ನು ಸಾಕು ಅನ್ನುತ್ತದೆ. ಅಲ್ಲಿವರೆಗೆ ವೋಲ್ಟೇಜ್ ಕಾಯುತ್ತಿದ್ದ ಜನರೇಟರ್ ಆ ಕ್ಷಣದಿಂದ ಕಾಯುವುದಿಲ್ಲ. ಗ್ರಾಫಿನಲ್ಲಿ ಏನಾಗುತ್ತದೆ ಗೊತ್ತಾ? ಮೂಗಿನ ತುದಿ ದೂರದಲ್ಲಿದೆ ಅಂದುಕೊಂಡಿದ್ದೆವು, ಅದೇ ಒಮ್ಮೆಗೇ ನಮ್ಮ ಕಡೆ ಜಿಗಿಯುತ್ತದೆ. ಕೆಲವೊಮ್ಮೆ ನಮ್ಮನ್ನು ದಾಟಿಯೇ ಹೋಗುತ್ತದೆ. ಲೋಡ್ ಒಂದು ಮೆಗಾವ್ಯಾಟ್ ಕೂಡ ಏರದೆ ಸ್ಥಿರ ಇದ್ದ ಗ್ರಿಡ್ ಅಸ್ಥಿರವಾಗುತ್ತದೆ. ಪಠ್ಯದ ನುಣುಪಾದ ಗೆರೆಗಿಂತ ನನಗೆ ಹೆದರಿಕೆ ಇರುವುದು ಇದರದ್ದೇ.

ಇನ್ನೊಂದು ಪಾತ್ರಧಾರಿ ಸಬ್‌ಸ್ಟೇಷನ್ ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಚೇಂಜರ್. ಅದು ದೊಡ್ಡ ಸ್ಟೆಬಿಲೈಜರ್, ಬೇರೇನೂ ಅಲ್ಲ. ಎಲ್ಲೋ ಒಂದು ಲೈನ್ ಟ್ರಿಪ್ ಆಯಿತು ಅನ್ನಿ. ವೋಲ್ಟೇಜ್ ಇಳಿಯುತ್ತದೆ, ಬಲ್ಬು, ಹೀಟರುಗಳ ಲೋಡೂ ಇಳಿಯುತ್ತದೆ, ಗ್ರಿಡ್ ಬದುಕಿತು ಅನ್ನಿಸುತ್ತದೆ. ಅರ್ಧ, ಒಂದು ನಿಮಿಷ ಕಳೆದ ಮೇಲೆ ಟ್ಯಾಪ್ ಚೇಂಜರ್ ಎದ್ದು ಊರಿನ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲೆತ್ತುತ್ತದೆ. ಊರಿಗೆ ಖುಷಿ. ಇಳಿದಿದ್ದ ಲೋಡ್ ಪೂರ್ತಿ ವಾಪಸ್ ಬರುತ್ತದೆ, ಮೇಲಿನ ಲೈನಿನಲ್ಲಿ ವೋಲ್ಟೇಜ್ ಇನ್ನಷ್ಟು ಬೀಳುತ್ತದೆ. ಕೆಲವು ಕುಸಿತಗಳು ಸೆಕೆಂಡಿನಲ್ಲಿ ಆಗದೆ ನಿಮಿಷಗಟ್ಟಲೆ ಎಳೆಯುವುದು ಇದಕ್ಕೇ. ಸಂಕಟದ ಹೊತ್ತಲ್ಲಿ ಟ್ಯಾಪ್ ಚೇಂಜರುಗಳನ್ನು ಇದ್ದಲ್ಲೇ ನಿಲ್ಲಿಸಿಬಿಡುವುದು ಒಂದು ಒಪ್ಪಿತ ಉಪಾಯ.

ನಮ್ಮ ದೇಶದ ವಿಷಯ ಕೇಳುತ್ತೀರಿ ಅಂತ ಗೊತ್ತು. 2012ರ ಜುಲೈ 30ರ ನಸುಕಿನಲ್ಲಿ ಬೀನಾ–ಗ್ವಾಲಿಯರ್ 400 ಕಿಲೋವೋಲ್ಟ್ ಲೈನ್ ಟ್ರಿಪ್ ಆಗಿ ಉತ್ತರ ಭಾರತ ಕತ್ತಲಾಯಿತು. ಆ ಲೈನಿನಲ್ಲಿ ಫಾಲ್ಟ್ ಇರಲಿಲ್ಲ. ಡಿಸ್ಟೆನ್ಸ್ ರಿಲೇ ಅನ್ನುವುದು ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ನೋಡುತ್ತದೆ. ವೋಲ್ಟೇಜ್ ಕಡಿಮೆ, ಕರೆಂಟ್ ಜಾಸ್ತಿ ಆದರೆ ಭಾಗಲಬ್ಧ ಚಿಕ್ಕದಾಗುತ್ತದೆ, ರಿಲೇಗೆ ಅದು ದೂರದ ಶಾರ್ಟ್ ಸರ್ಕ್ಯೂಟ್ ಥರ ಕಾಣುತ್ತದೆ. ಮರುದಿನ ಮತ್ತೆ ಅದೇ ಕಥೆ, ಉತ್ತರದ ಜೊತೆ ಪೂರ್ವ, ಈಶಾನ್ಯವೂ ಹೋದವು. ಕರ್ನಾಟಕಕ್ಕೆ ಏನೂ ಆಗಲಿಲ್ಲ. ಆಗ ದಕ್ಷಿಣದ ಗ್ರಿಡ್ ಉಳಿದ ದೇಶಕ್ಕೆ ತಾಲ್ಚೇರ್–ಕೋಲಾರದಂಥ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ) ಕೊಂಡಿಗಳಿಂದ ಮಾತ್ರ ಸೇರಿತ್ತು. ಏಸಿ (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟಿನ) ಜಾಲದ ರೋಗ ಡಿಸಿ ದಾಟಿ ಸುಲಭಕ್ಕೆ ಹರಡುವುದಿಲ್ಲ. 2013ರ ಕೊನೆಯ ದಿನ ರಾಯಚೂರು–ಸೋಲಾಪುರ 765 ಕಿಲೋವೋಲ್ಟ್ ಲೈನ್ ಮೂಲಕ ನಾವೂ ಒಂದೇ ಗ್ರಿಡ್ ಆದೆವು. ಅದರಿಂದ ಲಾಭವೇ ಜಾಸ್ತಿ, ಆದರೆ ಆ ಗೋಡೆ ಈಗ ಇಲ್ಲ.

ಇಷ್ಟು ಹೊತ್ತು ಇಳಿಯುವ ವೋಲ್ಟೇಜ್ ಬಗ್ಗೆ ಹೇಳಿದೆ. ಸ್ಪೇನ್ ಕಥೆ ಉಲ್ಟಾ. 2025ರ ಏಪ್ರಿಲ್ 28ರ ಮಧ್ಯಾಹ್ನ ಅಲ್ಲಿ ವೋಲ್ಟೇಜ್ ಏರಿತು. ಉದ್ದನೆಯ ಏಸಿ ಲೈನಿನಲ್ಲಿ ಲೋಡ್ ಕಡಿಮೆ ಇದ್ದರೆ ಲೈನೇ ಒಂದು ಕೆಪಾಸಿಟರ್ ಥರ ವರ್ತಿಸುತ್ತದೆ. ಅದು ಹುಟ್ಟಿಸುವ ರಿಯಾಕ್ಟಿವ್ ಪವರನ್ನು ಯಾರಾದರೂ ಹೀರಿಕೊಳ್ಳಬೇಕು. ಹೀರುವವರು ಅವತ್ತು ಸಾಲಲಿಲ್ಲ. ಅಲ್ಲಿಯ ಸೋಲಾರ್, ವಿಂಡ್ ಘಟಕಗಳಲ್ಲಿ ಬಹುಪಾಲು ನಿಗದಿ ಪವರ್ ಫ್ಯಾಕ್ಟರ್‌ನಲ್ಲಿ ಓಡುತ್ತಿದ್ದವು, ವೋಲ್ಟೇಜ್ ಕಾಯುವ ಕೆಲಸ ಅವಕ್ಕೆ ಇರಲಿಲ್ಲ. ವೋಲ್ಟೇಜ್ ಜಾಸ್ತಿಯಾಯಿತು ಅಂತ ಕೆಲವು ಘಟಕ ಟ್ರಿಪ್ ಆದವು. ಅವು ಹೋದದ್ದಕ್ಕೆ ಲೈನುಗಳು ಇನ್ನಷ್ಟು ಹಗುರಾದವು, ವೋಲ್ಟೇಜ್ ಇನ್ನಷ್ಟು ಏರಿತು, ಮತ್ತಷ್ಟು ಘಟಕ ಹೋದವು. 12:33ಕ್ಕೆ ಕೆಲವೇ ಸೆಕೆಂಡಿನಲ್ಲಿ ಸ್ಪೇನ್, ಪೋರ್ಚುಗಲ್ ಎರಡೂ ಕತ್ತಲು. ಅದಕ್ಕೆ ಅರ್ಧ ಗಂಟೆ ಮೊದಲಿಂದಲೇ ಗ್ರಿಡ್ ತೂಗಾಡಿತ್ತು. 12:19ರ ಹೊತ್ತಿಗೆ ಐದು ಸೆಕೆಂಡಿಗೊಂದು ಸಲದಂತೆ ಓಲಾಡಿದ್ದು ದಾಖಲಾಗಿದೆ.

ಈ ತೂಗಾಟವೂ ನಾನ್‌ಲೀನಿಯರ್ (ಕಾರಣ ಏರಿದಷ್ಟೇ ಪ್ರಮಾಣದಲ್ಲಿ ಪರಿಣಾಮ ಏರದ) ಜಗತ್ತಿನದ್ದೇ. ಸಮತೋಲನ ಇದ್ದಲ್ಲೇ ಇರುತ್ತದೆ, ಆದರೆ ಅದರ ಸುತ್ತ ಓಲಾಟ ತಣಿಯುವ ಬದಲು ಬೆಳೆಯುತ್ತದೆ. ಅದಕ್ಕೆ ಹಾಪ್ಫ್ (Hopf) ಬೈಫರ್ಕೇಶನ್ ಅಂತ ಹೆಸರು. 1996ರ ಆಗಸ್ಟ್ 10ರಂದು ಅಮೆರಿಕದ ಪಶ್ಚಿಮ ಗ್ರಿಡ್ ಹೀಗೆಯೇ ಬೆಳೆಯುವ ಓಲಾಟದಿಂದ ಹರಿದು ನಾಲ್ಕು ತುಂಡಾಯಿತು. ಸುಮಾರು 75 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು. ಮುಂದೆ ಹೋದರೆ ಕೇಯಾಸ್ (ಮುಂದೇನು ಅಂತ ಹೇಳಲಾಗದ ಅಡ್ಡಾದಿಡ್ಡಿ ಓಲಾಟ) ಕೂಡ ಇದೆ, ಮೂರು ನಾಲ್ಕು ಸಮೀಕರಣದ ಪುಟ್ಟ ಮಾದರಿಯಲ್ಲೇ ಅದನ್ನು ತೋರಿಸಬಹುದು. ಅದರ ಬಗ್ಗೆ ಪೇಪರುಗಳು ರಾಶಿ ಇವೆ. ನಿಜ ಹೇಳಬೇಕೆಂದರೆ, ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ಅದು ಅಷ್ಟು ಮುಖ್ಯ ಅಲ್ಲ. ಕೇಯಾಸ್ ಶುರುವಾಗುವಷ್ಟು ಹೊತ್ತು ರಿಲೇಗಳು ಸುಮ್ನೆ ಕೂರುವುದಿಲ್ಲ.

ಏರುವ ವೋಲ್ಟೇಜ್ ನಮಗೂ ಹೊಸದಲ್ಲ. ಮಳೆಗಾಲದ ರಾತ್ರಿ ಪಂಪ್‌ಸೆಟ್ ಎಲ್ಲ ನಿಂತಾಗ ದಕ್ಷಿಣದ 400 ಕಿಲೋವೋಲ್ಟ್ ಲೈನುಗಳಲ್ಲಿ ವೋಲ್ಟೇಜ್ 420 ದಾಟಲು ನೋಡುತ್ತದೆ. ರಿಯಾಕ್ಟರ್ (ರಿಯಾಕ್ಟಿವ್ ಪವರ್ ಹೀರುವ ಸುರುಳಿ) ಹಾಕಿಯೂ ಸಾಲದಿದ್ದರೆ ಒಳ್ಳೆಯ ಲೈನುಗಳನ್ನೇ ಬೇಕಂತ ತೆಗೆದಿಡುತ್ತಾರೆ. ಬೇಸಿಗೆ ಮಧ್ಯಾಹ್ನ ಒಂದು ಚಿಂತೆ, ಜುಲೈ ರಾತ್ರಿ ಇನ್ನೊಂದು. ಬೆಂಗಳೂರಿನಲ್ಲಿರುವ ದಕ್ಷಿಣ ವಲಯದ ಲೋಡ್ ಡಿಸ್ಪ್ಯಾಚ್ ಸೆಂಟರಿನವರಿಗೆ ಎರಡೂ ಗೊತ್ತು.

ಇನ್ನು ನಿಮ್ಮ ಪಂಪ್‌ಸೆಟ್. ಮೋಟರಿನ ತಿರುಗುಬಲವೂ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಇರುತ್ತದೆ. ವೋಲ್ಟೇಜ್ 70 ಶೇಕಡಾ ಆದರೆ ಗರಿಷ್ಠ ಬಲ ಅರ್ಧಕ್ಕೆ ಬರುತ್ತದೆ. ಬೋರ್‌ವೆಲ್ ಆಳ ಇದ್ದರೆ ಮೋಟರಿಗೆ ನೀರೆತ್ತಲು ಆಗದೆ ಗುಂಯ್ ಅಂತ ನಿಂತುಬಿಡುತ್ತದೆ. ನಿಂತ ಮೋಟರ್ ಸುಮ್ಮನಿರುವುದಿಲ್ಲ, ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಅದರಲ್ಲಿ ಬಹುಪಾಲು ರಿಯಾಕ್ಟಿವ್. ಟಿಸಿಯಿಂದ (ಊರಿನ ಟ್ರಾನ್ಸ್‌ಫಾರ್ಮರಿನಿಂದ) ದೂರ ಇರುವವರ ಮೋಟರ್ ಮೊದಲು ನಿಲ್ಲುತ್ತದೆ, ಅದು ಎಳೆಯುವ ಕರೆಂಟಿಗೆ ಪಕ್ಕದ್ದು ನಿಲ್ಲುತ್ತದೆ. ನೀವು ಧಡಕ್ಕನೆ ಬಿತ್ತು ಅಂದದ್ದು ಈ ಸಾಲು ಸಾಲು ನಿಲ್ಲುವಿಕೆ. ಆಟೋ ಸ್ಟಾರ್ಟರ್ ಇದ್ದರಂತೂ ಕರೆಂಟ್ ಬಂದ ಕ್ಷಣ ಎಲ್ಲ ಮೋಟರ್ ಒಟ್ಟಿಗೆ ಏಳುತ್ತವೆ.

ಹಾಗಾಗಿ ಸ್ಟೆಬಿಲೈಜರ್ ಹಾಕಿದ್ದು ತಪ್ಪೇನಲ್ಲ, ಫ್ರಿಜ್ ಉಳಿಯುತ್ತದೆ. ಅದು ಊರಿನ ಕಾಯಿಲೆಗೆ ಮದ್ದಲ್ಲ ಅಷ್ಟೇ. ಹೀಟರ್, ಇಸ್ತ್ರಿ ಪೆಟ್ಟಿಗೆಯನ್ನು ಅದಕ್ಕೆ ಸೇರಿಸಬೇಡಿ, ಅವು ಕಡಿಮೆ ವೋಲ್ಟೇಜ್‌ನಲ್ಲೂ ಕೆಡುವುದಿಲ್ಲ. ಮನೆಗಳ ಫೀಡರ್ ಬೇರೆ, ಪಂಪ್‌ಸೆಟ್ ಫೀಡರ್ ಬೇರೆ ಮಾಡುವ ನಿರಂತರ ಜ್ಯೋತಿ ಯೋಜನೆಯಲ್ಲಿ ನಿಮ್ಮ ಊರು ಸೇರಿದೆಯಾ, ಸೆಕ್ಷನ್ ಆಫೀಸಿನಲ್ಲಿ ಕೇಳಿ. ಪ್ರತಿ ಮೋಟರಿಗೂ ಸ್ಟಾರ್ಟರಿನಿಂದ ಮುಂದೆ, ಮೋಟರಿನ ಬದಿಗೆ ಕೆಪಾಸಿಟರ್ ಹಾಕಿಸಿ. 5 ಎಚ್‌ಪಿಗೆ ಸಾಮಾನ್ಯವಾಗಿ 2 ಕಿಲೋವಾರ್ (ರಿಯಾಕ್ಟಿವ್ ಪವರಿನ ಅಳತೆ) ಸಾಕು, ಐಎಸ್‌ಐ ಗುರುತು ಇರಲಿ. ಹೀಗೆ ಹಾಕಿದರೆ ಮೋಟರ್ ನಿಂತಾಗ ಕೆಪಾಸಿಟರೂ ಲೈನಿನಿಂದ ಹೊರಗೆ ಹೋಗುತ್ತದೆ. ಲೈನಿಗೇ ಕಾಯಂ ಆಗಿ ಹಾಕಿಬಿಟ್ಟರೆ ಎಲ್ಲರ ಪಂಪ್ ನಿಂತ ರಾತ್ರಿ ಬಲ್ಬು ಸುಡುತ್ತವೆ. ಆಟೋ ಸ್ಟಾರ್ಟರ್ ಬಿಡಲು ಆಗದಿದ್ದರೆ ಅದರಲ್ಲಿ ಟೈಮರ್ ಇರುತ್ತದೆ, ಒಂದು ಟಿಸಿಯ ಕೆಳಗಿರುವವರೆಲ್ಲ ಕೂತು ಒಬ್ಬೊಬ್ಬರು ಒಂದೊಂದು ನಿಮಿಷ ಬಿಟ್ಟು ಸೆಟ್ ಮಾಡಿಕೊಳ್ಳಿ. ಯಾರು ಮೊದಲು ಅನ್ನುವ ಜಗಳ ಬಂದರೆ, ಟಿಸಿಯಿಂದ ದೂರ ಇರುವವರ ಮೋಟರ್ ಮೊದಲು ಏಳಲಿ. ವೋಲ್ಟೇಜ್ ಇನ್ನೂ ಚೆನ್ನಾಗಿರುವಾಗ ಅವರು ಶುರು ಮಾಡಿಕೊಂಡರೆ ಉಳಿದವರಿಗೂ ಅನುಕೂಲ.